ಮೇಲಿನ ಹಲ್ಲು

ಚಮಚ ಏನಕ್ಕೋ ತಾಗಿ ಟಕ್ ಎಂದಿತು. ಗಂಜಿಯಲ್ಲಿ ಕಲ್ಲು ಉಳಿದಿರಬೇಕೆಂದು ಸಿದ್ದಲಿಂಗೇಶ ಚಮಚವನ್ನು ಮಗಳ ಬಾಯಿಂದ ತೆಗೆದು ಬೆಳಕಿಗೆ ಹಿಡಿದ. ಬಟ್ಟಲಿನಲ್ಲಿದ್ದ ಗಂಜಿಯನ್ನು ಎರಡು ಬೆರಳಲ್ಲಿ ಕಿವುಚಿ ನೋಡಿದ. ಹೆಂಡತಿ ಶಿವರಂಜನಿ ಶಿಕ್ಷಕರ ತರಬೇತಿಗೆಂದು ಬೆಳಗಿನ ಮೊದಲ ಬಸ್ಸಿಗೆ ಮುಂಡರಗಿಗೆ ಹೋಗುವ ಮುನ್ನ ಗಂಜಿಯನ್ನು ಸೋಸಿಟ್ಟು, ಸೋಸಿದ್ದೇನೆ ಎಂದು ಎರಡು ಸಲ ಹೇಳಿಯೂ ಹೋಗಿದ್ದಳು. ಅವನು ಇಡೀ ದಿನ ಕೂಸು ನೋಡಿಕೊಳ್ಳುವುದು ಇದೇ ಮೊದಲು. ಅದಕ್ಕೆಂದು ಪ್ರೆಸ್ಸಿಗೆ ರಜೆ ಹಾಕಿದ್ದ. ಮೊದಲ ತುತ್ತಿಗೇ ಕಲ್ಲು ತಿನ್ನಿಸಿದೆನಲ್ಲ ಎಂದು ಬೆವರಿದ. ಆದರೆ ಕಲ್ಲು ಸಿಗಲಿಲ್ಲ. ಇನ್ನೊಂದು ಚಮಚ ಕೊಟ್ಟ. ಮತ್ತೆ ಟಕ್ ಎಂದಿತು. ಕಾಂಚನಾ ಅವನ ಮುಖವನ್ನೇ ನೋಡುತ್ತ, ಗಂಜಿಯನ್ನು ಗದ್ದದ ಮೇಲೆ ಇಳಿಬಿಟ್ಟು, ಇನ್ನೊಮ್ಮೆ ಬಾರಿಸು ಎನ್ನುವ ಹಾಗೆ ಬಾಯಿ ತೆರೆದಳು.

ಹಲ್ಲು! ಹತ್ತು ತಿಂಗಳು ತುಂಬಿದರೂ ಅಜ್ಜಿಯ ಬಾಯಿಯ ಹಾಗೆ ಬೋಳಾಗಿಯೇ ಇದ್ದ ಮಗಳ ಬಾಯಲ್ಲಿ ಹಲ್ಲು ಬಂದಿದೆ. ಎದ್ದು ನಿಂತ, ಮತ್ತೆ ಕೂತ. ಅವನ ಫೋನಿನೊಳಗೊಂದು ಆ್ಯಪ್ ಇತ್ತು. ಶಿವರಂಜನಿ ಬಸುರಿಯಾಗಿದ್ದಾಗ ಅದು ವಾರವಾರವೂ ನಿಮ್ಮ ಕೂಸು ಈಗ ನಿಂಬೆಹಣ್ಣಿನಷ್ಟಿದೆ, ಬದನೆಕಾಯಿಯಷ್ಟಿದೆ ಎಂದು ತಿಳಿಸುತ್ತಿತ್ತು. ಹೆರಿಗೆಯಾದ ಮೇಲೆ ಅದರ ದನಿಯೇ ಬದಲಾಯಿತು. ‘ನಿಮ್ಮ ಮಗು ಈಗ ಹೊರಳುತ್ತಿರಬಹುದು, ಅಭಿನಂದನೆಗಳು’ ಎಂದು ಅದು ಅಭಿನಂದಿಸಿದಾಗ ಕಾಂಚನಾ ಹೊರಳುವುದಿರಲಿ, ತಲೆಯನ್ನೂ ನೆಟ್ಟಗೆ ಹಿಡಿದಿರಲಿಲ್ಲ. ಕೂರುತ್ತಿರಬಹುದು ಎಂದಾಗ ಹೊರಳಿದಳು. ತೆವಳುತ್ತಿರಬಹುದು ಎಂದಾಗ, ದಿಂಬುಗಳ ಮಧ್ಯೆ, ಸಭೆಯ ಅಧ್ಯಕ್ಷರ ಹಾಗೆ ಕೂತಳು. ಸಿದ್ದಲಿಂಗೇಶ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ಲಗ್ನಪತ್ರಿಕೆ, ಶಾಲೆಯ ಗೈಡು, ಪುಣ್ಯತಿಥಿಯ ಕಾರ್ಡು, ಯಾವುದೇ ಬರಲಿ, ಮೊದಲು ಅವನ ಕಣ್ಣಿಗೆ ಬೀಳುವುದು ತಪ್ಪು. ಮಗಳನ್ನೂ ಅವನು ಹಾಗೆಯೇ ನೋಡುತ್ತಾನೆಂದು ಶಿವರಂಜನಿ ಜಗಳಾಡಿದ್ದಳು. ನೋಡದೆ ಹೇಗಿರುವುದು? ಪಕ್ಕದ ಮನೆಯ ಶಮಶಾದಬಿಯ ಮೊಮ್ಮಗ ಆಸೀಮ ಕಾಂಚನಾಳಿಗಿಂತ ವಾರದಷ್ಟೇ ದೊಡ್ಡವನು. ಅವನು ಆಗಲೇ ಗೋಡೆ ಹಿಡಿದು ನಡೆಯುತ್ತಿದ್ದ, ನಾಲ್ಕು ಹಲ್ಲಿನಿಂದ ಓಣಿಯವರನ್ನೆಲ್ಲ ಕಚ್ಚುತ್ತಿದ್ದ. ಅವನು ಕಚ್ಚಿದನೆಂದು ಯಾರಾದರೂ ದೂರು ಹೇಳಿದಾಗಲೆಲ್ಲ ಸಿದ್ದಲಿಂಗೇಶನಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಈಗ ತನ್ನ ಮಗಳೂ ಕಚ್ಚಬಹುದು. ಫೋನು ಕೈಗೆತ್ತಿಕೊಂಡು ಹೆಂಡತಿಗೆ ಹೇಳಬೇಕೆಂದವನು, ಅದಕ್ಕಿಂತ ಮೊದಲು ಕಣ್ಣಾರೆ ನೋಡೋಣವೆಂದು ಮಗಳ ಕೆಳತುಟಿಯನ್ನು ಹೆಬ್ಬೆರಳಲ್ಲಿ ಇಳಿಸಿದ.

ಕೆಳಗೆ ಏನೂ ಇರಲಿಲ್ಲ. ಒಸಡು ನುಣ್ಣಗಿತ್ತು. ಬೆರಳನ್ನು ಮೇಲಕ್ಕೆ ಸರಿಸಿದ. ಮೇಲೆ, ನಟ್ಟನಡುವೆ, ನುಚ್ಚಿನ ಕಾಳಿನಷ್ಟು ಬಿಳುಪು ಚುಚ್ಚಿತು.

ಮೊದಲು ಮೇಲಿನ ಹಲ್ಲು ಬಂದರೆ ಸೋದರಮಾವನಿಗೆ ಕಂಟಕ. ಇದನ್ನು ಸಿದ್ದಲಿಂಗೇಶನಿಗೆ ಯಾರೂ ಕೂತು ಕಲಿಸಿರಲಿಲ್ಲ. ಊರಲ್ಲಿ ಎಲ್ಲರಿಗೂ ಗೊತ್ತಿರುವಂತೆ ಅವನಿಗೂ ಗೊತ್ತಿತ್ತು, ಅಷ್ಟೆ. ಸೋದರಮಾವ ಬೆಳ್ಳಿ ಬಟ್ಟಲಲ್ಲಿ ಹಾಲು ಸಕ್ಕರೆ ತಂದು ಕೂಸಿಗೆ ಕುಡಿಸಬೇಕು, ಅಲ್ಲಿಯವರೆಗೆ ಅವನು ಆ ಹಲ್ಲು ನೋಡಬಾರದು ಎನ್ನುತ್ತಾರೆ. ಹಲ್ಲು ಬೆರಳಿಗೆ ತಾಗಿದೊಡನೆ ಹೆಂಡತಿಯ ತಮ್ಮ ಸುಭಾಷನ ದುಂಡು ಮುಖ, ಹುರಿ ಮಾಡಿದ ಮೀಸೆ, ಎದುರು ಬಂದು ನಿಂತ ಹಾಗಾಯಿತು. ಆ ಮುಖದ ಹಿಂದೆಯೇ, ಅವನು ತಡೆಯುವುದರೊಳಗೆ, ಒಂದು ಯೋಚನೆ ಬಂತು: ಆಗಲಿ, ಬೇಕು ಅವನಿಗೆ.

ಒಂದೇ ಕ್ಷಣ. ಆಮೇಲೆ ಸಿದ್ದಲಿಂಗೇಶ ಬೆರಳನ್ನು ಬಿಸಿ ಪಾತ್ರೆ ಮುಟ್ಟಿದವನಂತೆ ಹಿಂದಕ್ಕೆಳೆದುಕೊಂಡ. ಬೇರೆ ಯೋಚನೆಗಳನ್ನು ಅದರ ಮೇಲೆ ಹೇರತೊಡಗಿದ. ಪಾಪ ಸುಭಾಷ, ಒಳ್ಳೆಯವನು, ಶಿವರಂಜನಿಗೆ ಇರುವ ಒಬ್ಬನೇ ತಮ್ಮ, ತಂದೆ ತೀರಿದ ಮೇಲೆ ಲಕ್ಷ್ಮೇಶ್ವರದಲ್ಲಿ ಪಂಪ್‌ಸೆಟ್ ಅಂಗಡಿ, ತಾಯಿ, ಎಲ್ಲವನ್ನೂ ನೋಡಿಕೊಂಡಿರುವವನು. ಎಷ್ಟು ಹೇರಿದರೂ ಅಡಿಯಲ್ಲಿ ಅದು ಇದ್ದೇ ಇತ್ತು. ಬೇಕು ಅವನಿಗೆ. ಯಾಕೆ ಬೇಕು? ತೊಟ್ಟಿಲ ಕಾರ್ಯದ ದಿನ, ಹೆಂಗಸರು ಗಂಡಸರು ಎಲ್ಲ ತುಂಬಿದ್ದ ಪಡಸಾಲೆಯಲ್ಲಿ, ಕೂಸನ್ನು ಎತ್ತಿಕೊಂಡು ಸುಭಾಷ ಗಟ್ಟಿಯಾಗಿ ಅಂದದ್ದು ಇನ್ನೂ ಕಿವಿಯಲ್ಲಿತ್ತು. “ಮಾವಾರ, ಕಣ್ಣ ಸೈತ ಪೂರಾ ತೆಗೀವಲ್ಲದಲ್ಲರೀ ಇದು! ನಿಮ್ಮಂಗ ಎಲ್ಲಾ ಸಾವಕಾಶ.” ಎಲ್ಲರೂ ನಕ್ಕರು. ಸಿದ್ದಲಿಂಗೇಶನೂ ನಕ್ಕ. ಅವನ ತಾಯಿ ನೀಲಗಂಗವ್ವ ಆ ನಗುವಿಗೆ ಇನ್ನಷ್ಟು ಒಗ್ಗರಣೆ ಹಾಕಿ, ನಮ್ಮ ಸಿದ್ದು ನಡೆದದ್ದು ಎರಡು ವರ್ಷಕ್ಕೆ, ಮಾತು ಬಂದದ್ದು ಮೂರಕ್ಕೆ, ಮೂಕನೇ ಇರಬೇಕು ಅಂತ ಮಾಡಿದ್ವಿ ಎಂದು ಹೆಮ್ಮೆಯಿಂದ ಹೇಳಿದಳು. ಅಂದಿನಿಂದ ಸುಭಾಷ ಬಂದಾಗಲೆಲ್ಲ ಬಾಗಿಲಲ್ಲೇ ಕೇಳುವುದು: ಹೊಳ್ಳೇತೇನ್ರಿ? ಕುಂತೇತೇನ್ರಿ? ಇಲ್ಲ ಎಂದರೆ, ಇರ್ಲಿ ಬಿಡ್ರಿ, ಮಾವಾರ ಮಗಳಲ್ಲ, ಸಾವಕಾಶ. ಹೋದ ವಾರ ಫೋನಿನಲ್ಲಿ, ಕೂಸಿಗೆ ಗಾಲಿಯ ವಾಕರ್ ತರುತ್ತೇನೆ, ನಿಮ್ಮನ್ನು ನಂಬಿದರೆ ಅದು ಶಾಲೆಗೂ ತೆವಳಿಕೊಂಡೇ ಹೋದೀತು ಎಂದಿದ್ದ. ಅದನ್ನು ತರುವುದು ಇವತ್ತೇ.

ಇವತ್ತೇ ಎಂಬುದು ನೆನಪಾದದ್ದೇ ತಡ, ಗಡಿಯಾರ ನೋಡಿದ. ಸುಭಾಷ ಬಂದವನೇ ಮಾಡುವ ಮೊದಲ ಕೆಲಸವೆಂದರೆ ಕೂಸಿನ ಬಾಯಿಗೆ ಬೆರಳು ಹಾಕಿ ಹಲ್ಲು ಹುಡುಕುವುದು. ಹುಡುಕಿ ಸಿಕ್ಕರೆ? ಅದೆಲ್ಲ ಸುಳ್ಳು, ತಾನು ಬಿ.ಎ. ಓದಿದವನು, ಹಲ್ಲಿಗೂ ಸೋದರಮಾವನಿಗೂ ಏನು ಸಂಬಂಧ ಎಂದುಕೊಂಡ. ಎಂದುಕೊಂಡರೂ ಕಣ್ಣೆದುರು ಲಕ್ಕುಂಡಿಯ ಈಶಪ್ಪಮಾವ ಬಂದ. ಈಶಪ್ಪ ಅವನ ತಾಯಿಯ ತಮ್ಮ. ಎಡಗಾಲು ಎಳೆದುಕೊಂಡು ನಡೆಯುವವನು. ದೀಪಾವಳಿಗೆ ಬಂದು ಕಟ್ಟೆಯ ಮೇಲೆ ಕೂತು, ಅಳಿಯನ ಗಲ್ಲ ಹಿಂಡಿ, “ಲೇ ಸಿದ್ದ್ಯಾ, ನಿನ್ನ ಮ್ಯಾಲಿನ ಹಲ್ಲು ನನ್ನ ಕಾಲ ತಿಂತು ನೋಡಲೇ” ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಆಗ ಸಿದ್ದಲಿಂಗೇಶನಿಗೆ ಐದೋ ಆರೋ ವರ್ಷ. ಅವನಿಗೆ ನಗು ಬರುತ್ತಿರಲಿಲ್ಲ. ಮಾವ ಬಂದಿದ್ದಾನೆಂದರೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಹಿತ್ತಲಲ್ಲಿ ಕೂರುತ್ತಿದ್ದ. ಹಾಲುಹಲ್ಲು ಬಿದ್ದ ದಿನ, ಇನ್ನು ಮಾವನ ಕಾಲು ಸರಿಹೋಗುತ್ತದೆಂದು ಅವನು ಬಾಗಿಲಲ್ಲಿ ಕಾಯುತ್ತ ನಿಂತಿದ್ದ. ಮಾವ ಮುಂದಿನ ಹಬ್ಬಕ್ಕೂ ಕುಂಟುತ್ತಲೇ ಬಂದ. ಈಗಲೂ ಯಾರದಾದರೂ ಮದುವೆಯಲ್ಲಿ ಈಶಪ್ಪಮಾವ ದೂರದಿಂದ ಕಾಲೆಳೆಯುತ್ತ ಬರುವುದು ಕಂಡರೆ, ನಲವತ್ತರ ಹತ್ತಿರ ಬಂದ ಸಿದ್ದಲಿಂಗೇಶನ ಕೈ ತಾನಾಗಿ ಬಾಯಿಯ ಕಡೆ ಹೋಗುತ್ತದೆ. ಸುಭಾಷ ನೋಡಿಬಿಟ್ಟರೆ ಅವನೂ ಜೀವಮಾನವಿಡೀ ಇದನ್ನೇ ಹೇಳಿ ನಗಿಸುತ್ತಾನೆ. ಒಂದು ನೆಗಡಿಯಾದರೂ ಕಾಂಚಿ ನಿನ್ನ ಹಲ್ಲು ಎನ್ನುತ್ತಾನೆ. ನೆಗಡಿಯಲ್ಲದೆ ಬೇರೇನಾದರೂ ಆದರೆ? ಕೂಸು ಈಗ ಬಟ್ಟಲಲ್ಲಿ ಕೈಯದ್ದಿ ತನ್ನ ಹೊಟ್ಟೆಗೆ ಗಂಜಿ ಮೆತ್ತಿಕೊಳ್ಳುತ್ತಿತ್ತು. ಅದರ ಮೇಲೆ ಯಾರ ಕಾಲಿನ ಭಾರವೂ ಬೀಳಬಾರದು ಎಂದು ಅವನಿಗೆ ಅಳು ಬರುವಷ್ಟು ಅನ್ನಿಸಿತು.

ಅವನಿಗೊಂದು ಉಪಾಯ ಹೊಳೆಯಿತು. ಕೆಳಗಿನ ಹಲ್ಲೂ ಇವತ್ತೋ ನಾಳೆಯೋ ಬಂದೀತು. ಎರಡೂ ಬಂದಮೇಲೆ ಯಾವುದು ಮೊದಲು ಬಂತೆಂದು ಯಾರು ಕೇಳುತ್ತಾರೆ? ಅಲ್ಲಿಯವರೆಗೆ ಯಾರೂ ಕೂಸಿನ ಬಾಯಿ ನೋಡದಂತೆ ಇದ್ದರಾಯಿತು. ಹೆಂಡತಿಗೆ ಹೇಳುವುದು ಬೇಡ, ಅವಳು ತಮ್ಮನಿಗೆ ಹೇಳದೆ ಇರುವುದಿಲ್ಲ. ತಾಯಿಗಂತೂ ಬೇಡವೇ ಬೇಡ. ಹೀಗೆ ಲೆಕ್ಕ ಹಾಕುತ್ತಿರುವಾಗಲೇ ಫೋನು ಬಡಿದುಕೊಂಡಿತು. ಸುಭಾಷ.

“ಮಾವಾರ, ಇನ್ನೊಂದು ತಾಸಿಗೆ ಹೊಂಡ್ತೀನಿ. ಒಬ್ಬ ಗಿರಾಕಿ ಅದಾನ, ಕೊರ್ಲಹಳ್ಳ್ಯಾವ. ಅವನ ಮುಗಿಸಿ ಬರ್ತೀನಿ. ವಾಕರ್ ಕೆಂಪ ಬಣ್ಣದ್ದ ತಗೊಂಡೀನಿ. ಏನಂತಾಳ ನಮ್ಮ ಸಾವಕಾಶವ್ವ?”

“ಸುಭಾಷ, ಇವತ್ತ ಬ್ಯಾಡೋ.”

“ಯಾಕ್ರಿ?”

ಯಾಕೆಂಬುದನ್ನು ಅವನು ಯೋಚಿಸಿಟ್ಟಿರಲಿಲ್ಲ. “ಕೂಸಿಗೆ ಜ್ವರ ಬಂದಾವ. ಸುಮ್ಮ ಮಂದಿ ಬಂದು ಎತ್ತಿಕೊಂಡು ಮಾಡಿದ್ರ...” ಎಂದ.

ಆ ಕಡೆ ಅಂಗಡಿಯಲ್ಲಿ ಯಾರೋ ಮೋಟಾರು ಚಾಲೂ ಮಾಡಿ ನಿಲ್ಲಿಸಿದ್ದು ಕೇಳಿಸಿತು. “ಭಾಳ ಅದಾವೇನ್ರಿ?” ಎಂದು ಸುಭಾಷ ಸಣ್ಣ ದನಿಯಲ್ಲಿ ಕೇಳಿದ. ಆ ದನಿಯನ್ನು ಸಿದ್ದಲಿಂಗೇಶ ಹಿಂದೆಂದೂ ಕೇಳಿರಲಿಲ್ಲ. “ಅದಾವ. ರಾತ್ರಿಯಿಂದ ಅದಾವ” ಎಂದ, ಸುಳ್ಳಿಗೆ ಸ್ವಲ್ಪ ಗಟ್ಟಿತನ ಇರಲೆಂದು. ಫೋನು ಕಟ್ಟಾಯಿತು. ಕೆಲಸವಾಯಿತೆಂದು ಅವನು ಗಂಜಿ ಬಟ್ಟಲು ತೊಳೆಯಲು ಎದ್ದ.

ನೀಲಗಂಗವ್ವ ಶಮಶಾದಬಿಯ ಮನೆಯಿಂದ ಹಪ್ಪಳದ ಹಿಟ್ಟು ಕುಟ್ಟಿಕೊಟ್ಟು ಬಂದಳು. ಬಂದವಳೇ ಆಸೀಮ ಇವತ್ತು ಕೈಬಿಟ್ಟು ಎರಡು ಹೆಜ್ಜೆ ಇಟ್ಟನೆಂಬ ಖಬರು ಹೇಳಿ, ಕಾಂಚನಾಳಿಗೆ ಕೈ ಚಾಚಿದಳು. ಸಿದ್ದಲಿಂಗೇಶ ಮಗಳನ್ನು ತಟ್ಟನೆ ಎದೆಗೆ ಒತ್ತಿಕೊಂಡು, ನಿದ್ದೆ ಬಂದಿದೆ ಎಂದ. ನಿದ್ದೆಯ ಸುಳಿವೂ ಇರಲಿಲ್ಲ. ಕಾಂಚನಾ ಬೇರೆ ದಿನ ನಗಿಸಲು ಓಣಿಯೆಲ್ಲ ಸೇರಿ ಚಪ್ಪಾಳೆ ತಟ್ಟಿದರೂ ನಗದವಳು. ಡಾಕ್ಟರು ಕೂಡ ಬಹಳ ಗಂಭೀರ ಕೂಸು ಎಂದಿದ್ದರು, ಆ ರಾತ್ರಿ ಅವನು ಗಂಭೀರ ಎಂಬ ಮಾತಿಗೆ ವೈದ್ಯಕೀಯದಲ್ಲಿ ಬೇರೇನು ಅರ್ಥವಿರಬಹುದೆಂದು ನಿದ್ದೆಗೆಟ್ಟಿದ್ದ. ಅಂಥವಳು ಇವತ್ತು ಫ್ಯಾನು ತಿರುಗಿದರೆ ನಕ್ಕಳು, ಅಜ್ಜಿ ಸೀನಿದರೆ ನಕ್ಕಳು, ಬಾಯಿಗೆ ಅಡ್ಡ ಹಿಡಿದ ಟವೆಲು ಕಂಡು ಕೇಕೆ ಹಾಕಿದಳು. ಅವನು ಟವೆಲು ಹಿಡಿದು, ಎದ್ದು, ಕೂತು, ಬೆನ್ನು ತಿರುಗಿಸಿ ಸುತ್ತಾಡಿದ. ತಾಯಿ ಅವನನ್ನು ಒಂದು ಗಳಿಗೆ ನೋಡಿ, ಮೆಂತ್ಯದ ಸೊಪ್ಪು ಬಿಡಿಸಲು ಕೂತಳು. ಆಮೇಲೆ ಕೂಸು ನಿಜವಾಗಿಯೂ ಮಲಗಿತು. ಮಲಗಿದಾಗಲೂ ಬಾಯಿ ಅಷ್ಟಗಲ ತೆರೆದಿತ್ತು. ಅವನು ಟವೆಲಿನ ತುದಿಯನ್ನು ತುಟಿಯ ಮೇಲೆ ಹೊದಿಸಿದ, ಉಸಿರುಗಟ್ಟೀತೆಂದು ತೆಗೆದ, ಮತ್ತೆ ಹೊದಿಸಿದ.

ಆಗ, ಕೈಯಲ್ಲಿ ಟವೆಲು ಹಿಡಿದಿದ್ದಾಗ, ಆ ಸಣ್ಣ ದನಿ ಮತ್ತೆ ಕಿವಿಗೆ ಬಂತು. ಭಾಳ ಅದಾವೇನ್ರಿ? ಬರಬೇಡ ಎಂದದ್ದಕ್ಕೆ ಸುಭಾಷ ಹೂಂ ಅಂದಿರಲೇ ಇಲ್ಲ. ಅಕ್ಕನ ಕೂಸಿಗೆ ಜ್ವರ ಎಂದು ಕೇಳಿದ ಯಾವ ಸೋದರಮಾವ ಬರದೆ ಅಂಗಡಿಯಲ್ಲಿ ಕೂರುತ್ತಾನೆ? ಈ ನಾಡಿನಲ್ಲಿ ಹುಟ್ಟಿ ಬೆಳೆದವನಿಗೆ ಇಷ್ಟು ತಿಳಿಯಬಾರದೆ! ಜ್ವರವೆನ್ನುವುದರ ಬದಲು ಮನೆಯಲ್ಲಿ ಯಾರೂ ಇಲ್ಲ ಎನ್ನಬಹುದಿತ್ತು. ಸುಣ್ಣ ಹೊಡೆಸುತ್ತಿದ್ದೇವೆ ಎನ್ನಬಹುದಿತ್ತು. ಫೋನು ಮಾಡಿದ. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಮಾಡಿದ. ಮತ್ತೆ ಅದೇ. ಸುಭಾಷ ಸುಮ್ಮನೆ ಇದ್ದಾಗಲೇ ಬೈಕು ಓಡಿಸುವ ರೀತಿ ಅವನು ಬಲ್ಲ. ಹಿಂದೆ ಕೂತು ಒಮ್ಮೆ ಸಿಂಗಟಾಲೂರಿಗೆ ಹೋಗಿ ಬಂದು ಎರಡು ದಿನ ಸೊಂಟ ಹಿಡಿದುಕೊಂಡಿದ್ದ. ಅಂಗಡಿಯ ನಂಬರಿಗೆ ಮಾಡಿದ. ಬಹಳ ವರ್ಷದಿಂದ ಅಲ್ಲಿ ಕೆಲಸಕ್ಕಿರುವ ಮಾಶಾಕ ಎತ್ತಿದ.

“ಮಾಲಕ್ರು ಆಗಳೇ ಹ್ವಾದ್ರಲ್ಲರೀ ಸಾಹೇಬ್ರ. ನಿಮಗ ಫೋನ್ ಮಾಡಿದ ಕೂಡ್ಲೇ ಗಿರಾಕೀನ ಅಲ್ಲೇ ಬಿಟ್ಟು, ವಾಕರ್ ಕಟ್ಟಿಟ್ಟಿದ್ದ ಗಾಡಿ ತಗೊಂಡ ಹ್ವಾದ್ರು. ಹೆಲ್ಮೆಟ್ಟೂ ಇಲ್ಲೇ ಐತಿ. ನಾ ಒದರಿದ್ನಿ, ಕೇಳಸ್ಲೇ ಇಲ್ಲ ಅವರಿಗೆ. ಕೂಸು ಹೆಂಗೈತ್ರಿ? ನಮ್ಮ ಮನ್ಯಾಗೂ ಹೇಳೀನಿ, ದುವಾ ಮಾಡಾಕತ್ತಾರ.”

ಕೂಸು ಅರಾಮ ಐತಿ ಎನ್ನುವ ಬದಲು ಸಿದ್ದಲಿಂಗೇಶ ಫೋನು ಇಟ್ಟುಬಿಟ್ಟ. ಹೆಲ್ಮೆಟ್ಟು ಅಂಗಡಿಯ ಮೊಳೆಗೆ ತೂಗುತ್ತಿರುವುದು ಕಣ್ಣಿಗೆ ಕಟ್ಟಿತು. ಬಾಗಿಲಿಗೆ ಬಂದು ನಿಂತ. ಬೆಟಗೇರಿಯ ಓಣಿ ಎಂದಿನಂತೆಯೇ ಇತ್ತು. ಎದುರು ಮನೆಯಲ್ಲಿ ಮಗ್ಗ ಲಟಕು ಲಟಕು ಎನ್ನುತ್ತಿತ್ತು, ತರಕಾರಿ ಗಾಡಿಯವನು ಹೀರೇಕಾಯಿ ಎಂದು ಕೂಗುತ್ತಿದ್ದ. ದೊಡ್ಡ ರಸ್ತೆಯಲ್ಲಿ ಆಂಬುಲೆನ್ಸು ಕೂಗಿಕೊಂಡು ಹೋಯಿತು. ಯಾವ ದಿಕ್ಕಿಗೆ ಹೋಯಿತೆಂದು ಕಿವಿಗೊಟ್ಟ. ಗೊತ್ತಾಗಲಿಲ್ಲ. ಒಂದು ತಾಸಿನ ದಾರಿ, ಎರಡು ತಾಸಾಗುತ್ತ ಬಂತು. ಹೊಸ ನಂಬರಿನಿಂದ ಫೋನು ಬಂತು. ಪೊಲೀಸರೆಂದರೆ ಹೀಗೆಯೇ ಹೊಸ ನಂಬರಿನಿಂದ ಮಾಡುತ್ತಾರೆ. ಎತ್ತಿದರೆ ಲಗ್ನಪತ್ರಿಕೆಯ ಗಿರಾಕಿ: ಮದುಮಗನ ಹೆಸರಿಗೆ ಮೊದಲು ಚಿ. ಬೇಕೋ ಚಿ|| ರಾ|| ಬೇಕೋ ಎಂದು ಕೇಳುತ್ತಿದ್ದ. ಎರಡೂ ಹಾಕ್ರಿ ಎಂದು ಇಟ್ಟುಬಿಟ್ಟ. ಬೇಕು ಅವನಿಗೆ ಎಂದು ಅಂದುಕೊಂಡವನು ತಾನು. ಹಲ್ಲು ಏನು ಮಾಡೀತು, ಪಾಪ, ನುಚ್ಚಿನ ಕಾಳಿನಷ್ಟು ಹಲ್ಲು? ಅಂದುಕೊಂಡದ್ದು ತಾನು, ಜ್ವರವೆಂದದ್ದು ತಾನು, ರಾತ್ರಿಯಿಂದ ಎಂದು ಸೇರಿಸಿದ್ದೂ ತಾನು. ನಾಳೆ ಸುಭಾಷನಿಗೆ ಏನಾದರೂ ಆದರೆ ಎಲ್ಲರೂ ಕೂಸಿನ ಬಾಯಿ ನೋಡುತ್ತಾರೆ. ತನ್ನ ಬಾಯಿಯನ್ನು ಯಾರೂ ನೋಡುವುದಿಲ್ಲ. ಶಿವರಂಜನಿ ನೋಡಿಯಾಳು. ತಮ್ಮನ ಫೋನು ಬಂದಾಗಲೆಲ್ಲ ಗಂಡನ ಮುಖವನ್ನು ಕಳ್ಳತನದಲ್ಲಿ ನೋಡುವುದು ಅವಳಿಗೆ ಮದುವೆಯಾದಂದಿನಿಂದ ರೂಢಿ.

“ಯಾಕೋ, ಬಾಗಲಾಗ ನಿಂತು ಉಸರ ಬಿಡಾಕತ್ತಿ?” ಎಂದಳು ನೀಲಗಂಗವ್ವ ಒಳಗಿನಿಂದ.

ಅವನು ತಾಯಿಯ ಎದುರು ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದ. ಹಲ್ಲು, ಫೋನು, ಜ್ವರ, ಹೆಲ್ಮೆಟ್ಟು. ಮೊದಲು ಬಂದ ಆ ಒಂದು ಯೋಚನೆಯನ್ನು ಬಿಟ್ಟು ಎಲ್ಲವನ್ನೂ. ತಾಯಿ ಎದೆ ಬಡಿದುಕೊಂಡಾಳು ಎಂದು ಕಾದ. ಅವಳು ಮೆಂತ್ಯದ ದಂಟನ್ನು ಬುಟ್ಟಿಗೆ ಎಸೆದಳು.

“ಹಲ್ಲು ನಾ ನಿನ್ನೆನ ನೋಡೇನಿ. ನೀರ ಎರಿಯೋವಾಗ ಕೈಗೆ ಹತ್ತಿತ್ತು.”

“ನೋಡೀಯಾ? ಮತ್ತ ಹೇಳ್ಲಿಲ್ಲ?”

“ಹೇಳಿದ್ರ ನೀ ನಿದ್ದಿಗೆಡ್ತಿದ್ದಿ. ಅಂತನ ಸುಮ್ಮಿದ್ದೆ. ಅದಕ್ಕೇನಾತೀಗ? ಸುಭಾಷಗ ಹೇಳಿ ಒಂದು ಬೆಳ್ಳಿ ಬಟ್ಲ ತರಸಿದ್ರಾತು. ತವರಮನೀಂದ ಬಟ್ಲ ಬರ್ಲಿ ಅಂತನ ಹಿರ್ಯಾರು ಇದನ್ನೆಲ್ಲಾ ಮಾಡಿಟ್ಟಾರ. ನಿಂದೂ ಮ್ಯಾಲಿನ ಹಲ್ಲ ಮೊದಲ ಬಂದಿತ್ತು, ಏನಾತು?”

“ಏನಾತು ಅಂತೀಯಲ್ಲ ಯವ್ವಾ. ಈಶಪ್ಪಮಾವನ ಕಾಲು?”

ನೀಲಗಂಗವ್ವ ಮಗನನ್ನು ಬೆರಗಿನಿಂದ ನೋಡಿದಳು. “ಅವನ ಕಾಲಾ? ಅವ ಸಣ್ಣಾವಿದ್ದಾಗ ಚಕ್ಕಡಿ ಮ್ಯಾಲಿಂದ ಬಿದ್ದಾನ. ನನ್ನ ಲಗ್ನದಾಗ ಅಕ್ಕಿಕಾಳ ಹಾಕಾಕ ಕುಂಟಕೋತನ ಬಂದಿದ್ದ. ನೀ ಇನ್ನೂ ಎಲ್ಲಿದ್ದಿ ಆವಾಗ!” ಅವಳಿಗೆ ನಗು ತಡೆಯಲಾಗಲಿಲ್ಲ. “ಅಯ್ಯ ನನ್ನಪ್ಪಾ. ಇಷ್ಟ ವರ್ಷ ಇದನ್ನ ತಲ್ಯಾಗ ಇಟ್ಕೊಂಡೀಯೇನು? ಅವ ಚಾಷ್ಟಿಗೆ ಅಂದಿದ್ದ.”

ಸಿದ್ದಲಿಂಗೇಶನಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹಿತ್ತಲಲ್ಲಿ ಬಾಯಿ ಮುಚ್ಚಿ ಕೂತ ಹುಡುಗನನ್ನು ಈಗ ಹೋಗಿ ಎಬ್ಬಿಸಿಕೊಂಡು ಬರಲು ಸಾಧ್ಯವಿದ್ದಿದ್ದರೆ ಎಂದು ಒಂದು ಗಳಿಗೆ ಅನ್ನಿಸಿತು. ಅಷ್ಟೇ. ಹಲ್ಲಿನ ಭಯ ಹೋಯಿತು. ಹೋದದ್ದರಿಂದ ಸಮಾಧಾನವೇನೂ ಆಗಲಿಲ್ಲ, ಯಾಕೆಂದರೆ ಹಲ್ಲಿನ ಮೇಲೆ ಹೊರಿಸಬಹುದಾಗಿದ್ದೂ ಈಗ ಅವನ ತಲೆಗೇ ಬಂತು. ಹೆಲ್ಮೆಟ್ಟಿಲ್ಲದ ತಲೆಯೊಂದು ರಸ್ತೆಯ ಮೇಲೆ ಎಲ್ಲಿಯೋ ಇತ್ತು, ಅದನ್ನು ಹೊರಡಿಸಿದವನು ತಾನೊಬ್ಬನೇ. ಮತ್ತೆ ಫೋನು ಮಾಡಿದ. ಗಂಟೆ ಹೊಡೆಯುತ್ತಿತ್ತು. ದೇವರೇ, ಅವನು ಬರಲಿ, ಬಂದು ಏನು ಬೇಕಾದರೂ ಅನ್ನಲಿ, ಸಾವಕಾಶ ಅನ್ನಲಿ, ಓಣಿಯ ನಡುವೆ ನಿಂತು ಅನ್ನಲಿ ಎಂದು ಅವನು ನಿಜವಾಗಿಯೂ ಬೇಡಿಕೊಂಡ. ಒಳಗೆ ಕಾಂಚನಾ ಎದ್ದು ಅತ್ತಳು. ಅವಳನ್ನು ಎತ್ತಿಕೊಂಡು ಮತ್ತೆ ಬಾಗಿಲಿಗೆ ಬರುವುದಕ್ಕೂ ಓಣಿಯ ತಿರುವಿನಲ್ಲಿ ಬೈಕಿನ ಸದ್ದಾಗುವುದಕ್ಕೂ ಸರಿಯಾಯಿತು.

ಬೈಕಿನ ಹಿಂದೆ ಕೆಂಪು ವಾಕರನ್ನು ಹಗ್ಗದಿಂದ ಬಿಗಿದಿತ್ತು. ಅದರಿಂದಲೇ ಅವನಿಗೆ ಗುರುತು ಸಿಕ್ಕಿದ್ದು. ಇಳಿದು ಬರುತ್ತಿದ್ದವನ ಮುಖ ಬೇರೆ ಯಾರದೋ ಆಗಿತ್ತು. ದುಂಡು ಮುಖದ ನಡುವೆ ಮೂಗಿನ ಕೆಳಗೆ ಬರೀ ಚರ್ಮ, ಬಿಸಿಲು ಕಾಣದ ಬಿಳಿಚಿದ ಚರ್ಮ. ಮೀಸೆ ಇರಲಿಲ್ಲ. ಗಂಡಸು ಮೇಲಿನ ತುಟಿ ಬೋಳಿಸಿಕೊಳ್ಳುವುದು ಮನೆಯಲ್ಲಿ ಹೆಣ ಬಿದ್ದಾಗ. ಸಿದ್ದಲಿಂಗೇಶ ಒಂದು ಹೆಜ್ಜೆ ಮುಂದೆ ಬಂದ.

“ಸುಭಾಷ! ಯಾರೋ? ಅತ್ತಿಯವರೇನೋ?”

“ಅವ್ವಗೇನಾಗೇತ್ರಿ, ಜ್ವಾಳ ಹಸನ ಮಾಡಾಕತ್ತಾಳ. ಕೂಸ ಕೊಡ್ರಿ ಮೊದಲ, ಹೆಂಗೈತಿ ಕೂಸು?” ಎನ್ನುತ್ತ ಸುಭಾಷ ಎರಡೂ ಕೈ ಚಾಚಿದ.

ಯಾರು ಕರೆದರೂ ಚಕಾರವೆತ್ತದೆ ಹೋಗುವ ಕೂಸು ಕಾಂಚನಾ. ಬೀದಿಯಲ್ಲಿ ಪಾತ್ರೆ ಮಾರುವವಳ ಕಂಕುಳಿಗೂ ಹೋದವಳು. ಈಗ ಆ ಬೋಳು ಮುಖವನ್ನು ನೋಡಿದಳು, ನೋಡುತ್ತಲೇ ಇದ್ದಳು. ಅವಳ ತುಟಿ ಮೆಲ್ಲಗೆ ಸೊಟ್ಟಗಾಯಿತು. ಆಮೇಲೆ ಓಣಿಯ ಮಗ್ಗ ನಿಲ್ಲುವಂತೆ ಕಿರುಚಿ, ತಿರುಗಿ, ಅಪ್ಪನ ಕೊರಳನ್ನು ಎರಡೂ ಕೈಯಿಂದ ಅವುಚಿಕೊಂಡಳು. ಅವಳು ಹೀಗೆ ಯಾರನ್ನೂ ಅವುಚಿಕೊಂಡದ್ದಿಲ್ಲ, ತಾಯಿಯನ್ನು ಬಿಟ್ಟು. ಕಿರುಚುವಾಗ ಬಾಯಿ ಪೂರ್ತಿ ತೆರೆದಿತ್ತು, ಮೇಲಿನ ಹಲ್ಲು ಎಲ್ಲರಿಗೂ ಕಾಣುವಂತಿತ್ತು. ಸುಭಾಷ ಅದನ್ನು ನೋಡಲಿಲ್ಲ. ಅವನು ಕೂಸಿನ ಹಣೆಯನ್ನು ಅಂಗೈಯಿಂದ ಮುಟ್ಟುತ್ತಿದ್ದ, ಕೊರಳನ್ನು ಮುಟ್ಟುತ್ತಿದ್ದ, ಅಂಗಾಲನ್ನು ಮುಟ್ಟುತ್ತಿದ್ದ.

“ತಣ್ಣಗೈತಲ್ಲರೀ!” ಎಂದ. ಮತ್ತೆ ಮುಟ್ಟಿದ. “ತಣ್ಣಗೈತಿ!” ಅಷ್ಟಂದು ಬಾಗಿಲ ಕಟ್ಟೆಯ ಮೇಲೆ ಕುಸಿದು ಕೂತ. ನೀಲಗಂಗವ್ವ ತಂದುಕೊಟ್ಟ ತಂಬಿಗೆಯ ನೀರನ್ನು ಗಟಗಟ ಕುಡಿದು, ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಳ್ಳುವಾಗ ಮೀಸೆಯಿಲ್ಲದ್ದು ನೆನಪಾಗಿ ಅಲ್ಲಿ ಬೆರಳಾಡಿಸಿದ. “ಶಿರಹಟ್ಟಿ ಮ್ಯಾಲೆ ಬಂದ್ನಿ. ಮಠದ ಮುಂದ ಬರೋದ್ರಾಗ ಕೈಕಾಲು ಹಿಂಗ ನಡಗಾಕತ್ವು, ಗಾಡಿ ಹಿಡಿಯಾಕ ಆಗ್ಲಿಲ್ಲ. ಅಲ್ಲೇ ಇಳದು ಕೈ ಮುಗಿದು ಅಂದ್ನಿ, ಅಜ್ಜಾ, ಏನ ಬರೋದಿದ್ರೂ ನನಗ ಬರ್ಲಿ, ಕೂಸಿಗೆ ಬ್ಯಾಡ ಅಂತ. ಮುಡಿ ಕೊಡ್ತೀನಿ ಅಂತ ಬೇಡ್ಕೊಂಡ್ನಿ. ಆಮ್ಯಾಲ ನೆನಪಾತು, ತಲಿಮ್ಯಾಗ ಕೊಡಾಕ ಏನೈತ್ರಿ ನನಗ?” ಅವನು ಹೊಳೆಯುವ ಬೋಳುತಲೆಯನ್ನು ತಟ್ಟಿಕೊಂಡ. “ಮೀಸಿ ಇತ್ತು, ಅದನ್ನ ಕೊಟ್ನಿ. ಕಟಿಂಗ್ ಅಂಗಡ್ಯಾಗ ಇಬ್ರು ನನಗಿಂತ ಮುಂಚೆ ಕುಂತಿದ್ರು, ಅದಕ ತಡಾ ಆತು.”

“ಎಷ್ಟ ಫೋನ ಮಾಡಿದ್ನೋ, ಎತ್ತಬಾರದೇನು?”

“ನೋಡಿದ್ನಿರೀ. ನಿಮ್ಮ ಹೆಸರ ಕಂಡು ಕಂಡು ಎತ್ತಾಕ ಧೈರ್ಯ ಸಾಲ್ಲಿಲ್ಲ. ಏನ ಹೇಳ್ತೀರೋ ಅಂತ.” ಮುಖ ಅತ್ತ ತಿರುಗಿಸಿಕೊಂಡ.

ಏನು ಬಂದರೂ ನನಗೆ ಬರಲಿ. ಬೇಕು ಅವನಿಗೆ. ಸಿದ್ದಲಿಂಗೇಶನ ತಲೆಯಲ್ಲಿ ಎರಡೂ ಮಾತು ಒಂದರ ಪಕ್ಕ ಒಂದು ನಿಂತವು. ಅವಕ್ಕೆ ಮುಖ ಕೊಡಲಾಗದೆ ಅವನು ಮಗಳ ಬೆನ್ನು ತಟ್ಟಿದ. ನೀಲಗಂಗವ್ವ ಮಗನನ್ನು ನೋಡುತ್ತ ನಿಂತಳು. ಆ ನೋಟ ಅವನಿಗೆ ಅರ್ಥವಾಯಿತು.

“ಸುಭಾಷ, ಕೂಸಿಗೆ ಜ್ವರ ಬಂದಿರ್ಲಿಲ್ಲ. ನಾ ಸುಳ್ಳ ಹೇಳಿದೆ.”

ಸುಭಾಷ ತಿರುಗಿದ.

“ಇದಕ್ಕ ಮೊದಲ ಮ್ಯಾಲಿನ ಹಲ್ಲ ಬಂದೈತಿ. ಮುಂಜಾನೆ ನೋಡಿದೆ. ನೀ ಬಂದು ಅದನ್ನ ನೋಡಿದ್ರ ನಿನಗೇನರ ಆದೀತು ಅಂತ ಹೆದರಿಕಿ ಆತು. ಅದಕ ಬರಬ್ಯಾಡ ಅಂದೆ.” ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಮೊದಲಿನ ಒಂದು ವಾಕ್ಯ ಮಾತ್ರ ಬಿಟ್ಟುಹೋಗಿತ್ತು.

ಈಗ ಬೈಯುತ್ತಾನೆ, ಮೀಸೆಗೆ, ಗಿರಾಕಿಗೆ, ದಾರಿಯುದ್ದ ಪಟ್ಟ ಪಾಡಿಗೆ ಎಲ್ಲಕ್ಕೂ ಸೇರಿಸಿ ಬೈಯುತ್ತಾನೆ ಎಂದು ಸಿದ್ದಲಿಂಗೇಶ ತಲೆತಗ್ಗಿಸಿ ಕಾದ. ಬೈದರೆ ಒಳ್ಳೆಯದಿತ್ತು. ಸುಭಾಷ ಎದ್ದು ಬಂದು ಅವನ ಮೊಣಕೈಯನ್ನು ಹಿಡಿದುಕೊಂಡ. “ನನ್ನ ಸಲುವಾಗಿ?” ಎಂದ. “ಮಾವಾರ, ನನ್ನ ಸಲುವಾಗಿ ಹೆದರಿ ಸುಳ್ಳ ಹೇಳಿದ್ರೇನು ನೀವು?” ಅವನ ಕಣ್ಣು ತುಂಬಿತ್ತು. ಮೀಸೆಯಿಲ್ಲದ ತುಟಿ ಸಣ್ಣ ಹುಡುಗನದರಂತೆ ಅದುರುತ್ತಿತ್ತು. ಅದನ್ನು ಮರೆಸಲು ಮೀಸೆಯಿಲ್ಲದೆ, ಜೇಬಿನಿಂದ ಫೋನು ತೆಗೆದು ಅಕ್ಕನಿಗೆ ಹಚ್ಚಿದ. ಹಲ್ಲಿನಿಂದ ಹಿಡಿದು ಕಟಿಂಗ್ ಅಂಗಡಿಯವರೆಗೆ ಎಲ್ಲವನ್ನೂ ಓಣಿಗೆಲ್ಲ ಕೇಳಿಸುವಂತೆ ಹೇಳಿದ. “ಕೂಸು ಮಾತ ಕಲೀಲಿ ಅಕ್ಕಾ, ಮೊದಲ ಇದನ್ನ ಹೇಳಿಕೊಡ್ತೀನಿ, ನಿಮ್ಮಪ್ಪ ನನ್ನ ಜೀವಕ್ಕ ಹೆಂಗ ಬಡದಾಡಿದ ಅಂತ” ಎಂದು, “ಅಕ್ಕ ಕರೀತಾಳ, ತಗೋರಿ” ಎನ್ನುತ್ತ ಫೋನನ್ನು ಸಿದ್ದಲಿಂಗೇಶನ ಕಿವಿಗೆ ಒತ್ತಿದ.

ತರಬೇತಿ ಬೇಗ ಮುಗಿದಿತ್ತೇನೋ, ಮುಂಡರಗಿಯ ಬಸ್‌ಸ್ಟ್ಯಾಂಡಿನ ಗದ್ದಲ ಕೇಳಿಸಿತು. ಶಿವರಂಜನಿ, “ಖರೆನೇನ್ರಿ?” ಎಂದಳು. “ನಿಮಗ ಅವನ ಕಂಡ್ರ ಆಗಂಗಿಲ್ಲ ಅಂತ ನಾ ತಿಳಿದಿದ್ನಿರೀ. ಇಷ್ಟ ವರ್ಷ. ಅವ ಬಂದು ಹೋದಾಗೊಮ್ಮೆ ಬಚ್ಚಲದಾಗ ಹೋಗಿ ಅತ್ತೀನಿ, ಯಾರಿಗೂ ಹೇಳಿಲ್ಲ. ಖರೆನೇನ್ರಿ ಅವ ಹೇಳಿದ್ದು?”

ಬಚ್ಚಲಲ್ಲಿ ನೀರಿನ ನಲ್ಲಿ ಬಿಟ್ಟು ಅವಳು ಅಷ್ಟು ಹೊತ್ತು ಏನು ಮಾಡುತ್ತಾಳೆಂದು ಅವನು ಎಷ್ಟೋ ಸಲ ಸಿಟ್ಟಾಗಿದ್ದ. ಹೇಳಿಬಿಡಬೇಕು. ಮೊದಲು ಬೇರೆಯೇ ಒಂದು ಅನ್ನಿಸಿತ್ತು, ನೀನು ತಿಳಿದದ್ದು ಸರಿಯೇ ಇತ್ತು ಎಂದು ಹೇಳಿಬಿಡಬೇಕು. ಬಾಯಿ ತೆರೆದ. ಎದುರಿಗೆ ಸುಭಾಷ ಆ ಬೆತ್ತಲೆ ತುಟಿಯಲ್ಲಿ ನಗುತ್ತ, ಬೈಕಿನ ಹಗ್ಗ ಬಿಚ್ಚುತ್ತಿದ್ದ. ತಾಯಿ ಚಹಾಕ್ಕೆ ಒಳಗೆ ಹೋಗಿದ್ದಳು.

“ಖರೆ” ಎಂದ.

ಅವಳು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅಳತೊಡಗಿದಳು. ಖುಷಿಯ ಅಳು. ಅವನು ಅದನ್ನು ಕೇಳುತ್ತ ನಿಂತ. ಈ ಕಥೆಯನ್ನು ಇವರು ಹಬ್ಬಕ್ಕೊಮ್ಮೆ ಹೇಳುತ್ತಾರೆ, ಮಗಳು ಇದನ್ನೇ ಕೇಳಿ ಬೆಳೆಯುತ್ತಾಳೆ, ತಾನು ಪ್ರತಿ ಸಲವೂ ಎದುರು ಕೂತು ಹೌದೆಂದು ತಲೆಯಾಡಿಸಬೇಕು. ಮಗಳು ಅವನ ಕೊರಳನ್ನು ಬಿಟ್ಟಿರಲಿಲ್ಲ. ಅವಳ ಬಿಸಿಯುಸಿರು ಕಿವಿಯ ಕೆಳಗೆ ತಾಗುತ್ತಿತ್ತು.

“ಅಳೋದು ಕೇಳಸ್ತತಿ, ಯಾರದು?” ಎಂದಳು ಶಿವರಂಜನಿ, ಮೂಗು ಒರೆಸಿಕೊಂಡು.

“ಕೂಸು” ಎಂದ ಸಿದ್ದಲಿಂಗೇಶ.

ಕೂಸು ಅಳು ನಿಲ್ಲಿಸಿ ಆಗಲೇ ಬಹಳ ಹೊತ್ತಾಗಿತ್ತು.